ಮಾರ್ಕ್ ವಿವಿಯನ್ ಫೋಯೆ: ಕ್ಯಾಮರೂನ್ ಮಧ್ಯಾಂಗಣದ ದುಡಿಮೆಗಾರ

ಕ್ಯಾಮರೂನ್ ದೇಶದ ಫುಟ್‌ಬಾಲ್ ಆಟಗಾರ ಮಾರ್ಕ್ ವಿವಿಯನ್ ಫೋಯೆ ಅವರು 1975ರ ಮೇ 1ರಂದು ಜನಿಸಿದರು. 2003ರ ಜೂನ್ 26ರಂದು ಫ್ರಾನ್ಸ್‌ನ ಲಿಯಾನ್ ನಗರದ ಜೆರ್ಲಾನ್ ಕ್ರೀಡಾಂಗಣದಲ್ಲಿ ಕಾನ್ಫೆಡರೇಷನ್ಸ್ ಕಪ್ ಸೆಮಿಫೈನಲ್ ಪಂದ್ಯ ಆಡುತ್ತಿರುವಾಗಲೇ ಕುಸಿದು ಬಿದ್ದು ಅಸುನೀಗಿದರು. ಆಗ ಅವರಿಗೆ 28 ವರ್ಷ. ಆಫ್ರಿಕಾ ಖಂಡದ ರಾಷ್ಟ್ರಗಳ ಕಪ್ಪನ್ನು ಎರಡು ಬಾರಿ ಗೆದ್ದ ತಂಡದ ಸದಸ್ಯರಾಗಿದ್ದ ಅವರು ಫ್ರಾನ್ಸ್‌ನ ಎರಡು ಕ್ಲಬ್ಬುಗಳಿಗೆ ಅವುಗಳ ಇತಿಹಾಸದ ಮೊಟ್ಟಮೊದಲ ಲೀಗ್ ಪ್ರಶಸ್ತಿ ದೊರಕಿದಾಗ ಆ ತಂಡಗಳಲ್ಲಿದ್ದರು. ಎರಡು ವಿಶ್ವಕಪ್‌ಗಳಲ್ಲಿ ಆಡಿದರು. ಇಷ್ಟೆಲ್ಲ ಇದ್ದರೂ ಫೋಯೆ ಎಂದೊಡನೆ ಕಾಲ್ಚೆಂಡಾಟದ ಅಭಿಮಾನಿಗಳಿಗೆ ಮೊದಲು ನೆನಪಾಗುವುದು ಅವರ ಕೊನೆಯ ಕೆಲವು ನಿಮಿಷಗಳೇ. ಟೆಲಿವಿಷನ್ ಮೂಲಕ ಜಗತ್ತೇ ನೋಡಿದ ಆ ದೃಶ್ಯ, ಅದಕ್ಕೆ ಹಿಂದಿನ ಹತ್ತು ವರ್ಷಗಳ ಆಟವನ್ನು ಮರೆಗೆ ಸರಿಸಿಬಿಟ್ಟಿದೆ.

ಹಾಗೆ ಮರೆಗೆ ಸರಿಯುವುದಕ್ಕೆ ಅವರ ಆಟದ ಬಗೆಯೂ ಒಂದು ಕಾರಣವೆನ್ನಬಹುದು. ಫೋಯೆ ಚೆಂಡಿನೊಡನೆ ಮೋಡಿ ಮಾಡುವ ಆಟಗಾರರಲ್ಲ. ನೈಜೀರಿಯದ ಜೇ ಜೇ ಒಕೊಚಾ ಅವರಂತೆ ಕಾಲ್ಚಳಕದಿಂದ ಪ್ರೇಕ್ಷಕರನ್ನು ಎದ್ದು ನಿಲ್ಲಿಸಿದವರಲ್ಲ; ತಮ್ಮದೇ ದೇಶದ ರೋಜರ್ ಮಿಲ್ಲಾ ಅವರಂತೆ ಗೋಲು ಹೊಡೆದು ಮೂಲೆಯ ಬಾವುಟದ ಬಳಿ ಕುಣಿದವರೂ ಅಲ್ಲ. ಆರಡಿಗೂ ಮಿಗಿಲಾದ ಎತ್ತರ, ಗಟ್ಟಿಮುಟ್ಟಾದ ದೇಹ, ದಣಿಯದ ಓಟ ಇವೇ ಅವರ ಬಂಡವಾಳ. ರಕ್ಷಣಾ ಸಾಲಿನ ಮುಂದೆ ನಿಂತು ಎದುರಾಳಿಯ ದಾಳಿಯನ್ನು ಮುರಿಯುವುದು, ಚೆಂಡನ್ನು ಕಸಿದು ಹತ್ತಿರದ ಜತೆಗಾರನಿಗೆ ಒಪ್ಪಿಸುವುದು, ಸಮಯ ಬಂದಾಗ ಮುಂದಕ್ಕೆ ನುಗ್ಗಿ ತಲೆಯಿಂದ ಗೋಲು ಹೊಡೆಯುವುದು ಅವರ ಪಾಲಿನ ಕೆಲಸ. ಇಂಥ ಮಿಡ್‌ಫೀಲ್ಡರ್ ತಂಡದಲ್ಲಿ ಇರುವಾಗ ಪ್ರೇಕ್ಷಕರ ಕಣ್ಣಿಗೆ ಬೀಳುವುದಿಲ್ಲ, ಇಲ್ಲದಿದ್ದಾಗ ಮಾತ್ರ ಆ ಕೊರತೆ ಎದ್ದು ಕಾಣುತ್ತದೆ.

ಆರಂಭದ ದಿನಗಳು

ಫೋಯೆ ಅವರ ಆಟ ಮೊದಲು ಬೆಳೆದದ್ದು ಉತ್ತರ ಕ್ಯಾಮರೂನಿನ ಯೂನಿಯನ್ ಗರೂವಾ ತಂಡದ ಕಿರಿಯರ ವಿಭಾಗದಲ್ಲಿ. ಅಲ್ಲಿಂದ ರಾಜಧಾನಿಯ ಕ್ಯಾನನ್ ಯಾವುಂಡೆ ಕ್ಲಬ್ಬಿಗೆ ಬಂದರು. ಕ್ಯಾನನ್ ಸಾಮಾನ್ಯ ಕ್ಲಬ್ಬಲ್ಲ. 1971, 1978 ಮತ್ತು 1980ರಲ್ಲಿ ಆಫ್ರಿಕಾದ ಚಾಂಪಿಯನ್ ಕ್ಲಬ್ ಎನಿಸಿಕೊಂಡಿದ್ದ ಸಂಸ್ಥೆ. 1993ರಲ್ಲಿ ಈ ತಂಡ ಕ್ಯಾಮರೂನ್ ಕಪ್ ಗೆದ್ದಾಗ ಫೋಯೆ ಅದರಲ್ಲಿದ್ದರು. ಅದೇ ವರ್ಷ ಆಸ್ಟ್ರೇಲಿಯಾದಲ್ಲಿ ನಡೆದ ವಿಶ್ವ ಯುವ ಚಾಂಪಿಯನ್‌ಶಿಪ್‌ನಲ್ಲಿ ದೇಶವನ್ನು ಪ್ರತಿನಿಧಿಸಿದರು. ಸೆಪ್ಟೆಂಬರ್‌ನಲ್ಲಿ ಮೆಕ್ಸಿಕೊ ವಿರುದ್ಧ ಹಿರಿಯರ ತಂಡದ ಅಂಗಿ ತೊಟ್ಟರು.

ಮರುವರ್ಷವೇ ವಿಶ್ವಕಪ್. 1990ರಲ್ಲಿ ಇಟಲಿಯಲ್ಲಿ ಕ್ವಾರ್ಟರ್‌ಫೈನಲ್ ತಲುಪಿ ಬೆರಗು ಮೂಡಿಸಿದ್ದ ಕ್ಯಾಮರೂನ್, 1994ರಲ್ಲಿ ಅಮೆರಿಕಕ್ಕೆ ಹೊರಟಾಗ ನಿರೀಕ್ಷೆ ದೊಡ್ಡದಿತ್ತು. ಆದರೆ ತಂಡದೊಳಗೆ ಸಂಭಾವನೆಯ ತಕರಾರು, ಆಡಳಿತದ ಗೊಂದಲ. ಸ್ವೀಡನ್ ವಿರುದ್ಧ 2-2ರ ಸಮ, ಬ್ರೆಜಿಲ್ ವಿರುದ್ಧ 0-3ರ ಸೋಲು, ರಷ್ಯಾ ವಿರುದ್ಧ 1-6ರ ಪರಾಭವ. ರಷ್ಯಾದ ಒಲೆಗ್ ಸಲೆಂಕೊ ಒಬ್ಬರೇ ಐದು ಗೋಲು ಹೊಡೆದ ಪಂದ್ಯವದು. ಈ ಮೂರೂ ಪಂದ್ಯಗಳಲ್ಲಿ 19 ವರ್ಷದ ಫೋಯೆ ಆಡಿದರು. ಅವರಿಗಿಂತಲೂ ಕಿರಿಯನಾಗಿ, 17ರ ಹರೆಯದಲ್ಲಿ ಅದೇ ತಂಡದಲ್ಲಿದ್ದವರು ರಿಗೊಬೆರ್ ಸಾಂಗ್. ಒಂಬತ್ತು ವರ್ಷಗಳ ತರುವಾಯ ಪ್ಯಾರಿಸ್‌ನಲ್ಲಿ ಗೆಳೆಯನ ಭಾವಚಿತ್ರದೊಡನೆ ಅಂಗಣಕ್ಕಿಳಿದ ತಂಡದ ನಾಯಕ ಇವರೇ.

ತಂಡ ಸೋತು ಮನೆಗೆ ಮರಳಿದರೂ ಯುರೋಪಿನ ಕ್ಲಬ್ಬುಗಳ ಕಣ್ಣು ಈ ತರುಣನ ಮೇಲೆ ಬಿದ್ದಿತ್ತು. ಒಸೇರ್ ಕ್ಲಬ್ ಪ್ರಯೋಗಾರ್ಥ ಆಡಲು ಕರೆದಾಗ ಒಪ್ಪದ ಫೋಯೆ, ಉತ್ತರ ಫ್ರಾನ್ಸ್‌ನ ಲಾನ್ಸ್ ಕ್ಲಬ್ ಸೇರಿದರು. 1994ರ ಆಗಸ್ಟ್ 13ರಂದು ಮೊಂಪೆಲಿಯೆ ವಿರುದ್ಧ ಮೊದಲ ಪಂದ್ಯ, 2-1ರ ಗೆಲುವು.

ಲಾನ್ಸ್‌ನಿಂದ ಲಂಡನ್‌ಗೆ

ಲಾನ್ಸ್ ಕಲ್ಲಿದ್ದಲು ಗಣಿಗಳ ಊರು. ಗಣಿ ಮುಚ್ಚಿದ ಮೇಲೂ ಅಲ್ಲಿನ ಜನರಿಗೆ ಶನಿವಾರದ ಫುಟ್‌ಬಾಲ್ ಬಿಟ್ಟುಹೋಗಲಿಲ್ಲ. ಬೆವರು ಸುರಿಸಿ ಆಡುವವನನ್ನು ಆ ಪ್ರೇಕ್ಷಕರು ಬೇಗ ತಮ್ಮವನೆಂದುಕೊಳ್ಳುತ್ತಾರೆ. ಫೋಯೆ ಅಲ್ಲಿ ನಾಲ್ಕೂವರೆ ವರ್ಷ ಇದ್ದರು. 1997-98ರ ಸಾಲಿನಲ್ಲಿ ಡೇನಿಯಲ್ ಲೆಕ್ಲೆರ್ಕ್ ಅವರ ತರಬೇತಿಯಲ್ಲಿ ಲಾನ್ಸ್ ಮೊದಲ ಬಾರಿ ಫ್ರಾನ್ಸ್‌ನ ಚಾಂಪಿಯನ್ ಆಯಿತು. ಎರಡನೆಯ ಸ್ಥಾನದ ಮೆಟ್ಜ್ ತಂಡಕ್ಕೂ ಅಷ್ಟೇ ಅಂಕಗಳಿದ್ದವು. ಗೋಲುಗಳ ಅಂತರವೇ ಪ್ರಶಸ್ತಿಯನ್ನು ನಿರ್ಧರಿಸಿತು.

ಆ ಬೇಸಗೆ ಫೋಯೆ ಅವರ ಬದುಕಿನ ತಿರುವಾಗಬೇಕಿತ್ತು. ಇಂಗ್ಲೆಂಡ್‌ನ ಮ್ಯಾಂಚೆಸ್ಟರ್ ಯುನೈಟೆಡ್ ಅವರನ್ನು ಕೊಳ್ಳಲು ಮುಂದಾಗಿತ್ತು. ಅದು ಕೊಡಲು ಸಿದ್ಧವಿದ್ದ 30 ಲಕ್ಷ ಪೌಂಡ್‌ಗೆ ಲಾನ್ಸ್ ಒಪ್ಪಲಿಲ್ಲ. ಮಾತುಕತೆ ಮುಂದುವರಿಯುವ ಮೊದಲೇ ವಿಶ್ವಕಪ್ ಪೂರ್ವ ಶಿಬಿರದಲ್ಲಿ ಅವರ ಕಾಲು ಮುರಿಯಿತು. ಒಂದೇ ಪೆಟ್ಟಿಗೆ ಎರಡೂ ಕೈತಪ್ಪಿದವು. ತಾವು ವೃತ್ತಿ ನಡೆಸುತ್ತಿದ್ದ ದೇಶದಲ್ಲೇ ನಡೆದ 1998ರ ವಿಶ್ವಕಪ್‌ನಲ್ಲಿ ಆಡುವ ಭಾಗ್ಯ ಇಲ್ಲವಾಯಿತು. ಯುನೈಟೆಡ್ ಮರುವರ್ಷ ಪ್ರೀಮಿಯರ್ ಲೀಗ್, ಎಫ್‌ಎ ಕಪ್, ಚಾಂಪಿಯನ್ಸ್ ಲೀಗ್ ಮೂರನ್ನೂ ಗೆದ್ದ ಇತಿಹಾಸ ಎಲ್ಲರಿಗೂ ಗೊತ್ತು. ಆ ಕಾಲು ಮುರಿಯದೇ ಇದ್ದಿದ್ದರೆ ಎಂದು ಇಂಗ್ಲೆಂಡಿನ ಅಭಿಮಾನಿಗಳು ಕೇಳಿಕೊಳ್ಳುವುದು ಸಹಜ. ಆದರೆ ರಾಯ್ ಕೀನ್ ಇದ್ದ ತಂಡದಲ್ಲಿ ಅವರಿಗೆ ಎಷ್ಟು ಪಂದ್ಯಗಳು ಸಿಗುತ್ತಿದ್ದವು ಎಂಬುದನ್ನೂ ಅದರೊಡನೆ ಕೇಳಬೇಕಾಗುತ್ತದೆ.

1999ರ ಜನವರಿಯಲ್ಲಿ ಲಂಡನ್ನಿನ ವೆಸ್ಟ್ ಹ್ಯಾಮ್ ಯುನೈಟೆಡ್ ಕ್ಲಬ್ 42 ಲಕ್ಷ ಪೌಂಡ್ ಕೊಟ್ಟು ಅವರನ್ನು ಕರೆತಂದಿತು. ಒಬ್ಬ ಆಟಗಾರನಿಗಾಗಿ ಅದುವರೆಗೆ ಆ ಕ್ಲಬ್ ತೆತ್ತ ಅತಿ ದೊಡ್ಡ ಮೊತ್ತವದು. ಹ್ಯಾರಿ ರೆಡ್‌ನಾಪ್ ವ್ಯವಸ್ಥಾಪಕರು. ಪಾವ್ಲೊ ಡಿ ಕಾನಿಯೊ, ಫ್ರಾಂಕ್ ಲ್ಯಾಂಪಾರ್ಡ್, ರಿಯೊ ಫರ್ಡಿನೆಂಡ್ ಜತೆಗಾರರು. ಆ ಋತುವಿನಲ್ಲಿ ತಂಡ ಐದನೆಯ ಸ್ಥಾನ ಗಳಿಸಿತು. ಲೀಗ್‌ನಲ್ಲಿ ಒಟ್ಟು 38 ಪಂದ್ಯ ಆಡಿ ಒಂದು ಗೋಲು ಹೊಡೆದ ಫೋಯೆ 2000ರ ಮೇ ತಿಂಗಳಲ್ಲಿ ಫ್ರಾನ್ಸ್‌ಗೆ, ಈ ಬಾರಿ ಲಿಯಾನ್ ಕ್ಲಬ್ಬಿಗೆ, ಮರಳಿದರು. ವೆಸ್ಟ್ ಹ್ಯಾಮ್ ಅಧ್ಯಾಯ ಅವರ ವೃತ್ತಿಯಲ್ಲಿ ಎದ್ದು ಕಾಣುವಂಥದ್ದಲ್ಲ.

ಖಂಡದ ಕಿರೀಟ

ಕ್ಲಬ್ ಬದುಕು ಹೀಗೆ ಏರಿಳಿತದಲ್ಲಿದ್ದಾಗ ರಾಷ್ಟ್ರೀಯ ತಂಡ ತನ್ನ ಸುವರ್ಣ ಕಾಲವನ್ನು ಪ್ರವೇಶಿಸುತ್ತಿತ್ತು. ಪ್ಯಾಟ್ರಿಕ್ ಎಂಬೊಮಾ, ಸ್ಯಾಮುಯೆಲ್ ಎಟೊ, ಜೆರೆಮಿ, ಲೊರೆನ್, ರಿಗೊಬೆರ್ ಸಾಂಗ್ ಮುಂತಾದವರಿದ್ದ ಈ ತಂಡದ ನಡುವಿನ ಕಂಬ ಫೋಯೆ. 2000ದ ಫೆಬ್ರುವರಿಯಲ್ಲಿ ಲಾಗೋಸ್ ನಗರದಲ್ಲಿ ಆತಿಥೇಯ ನೈಜೀರಿಯ ವಿರುದ್ಧ ಆಫ್ರಿಕಾ ಕಪ್ ಫೈನಲ್ 2-2ರಲ್ಲಿ ನಿಂತು, ಪೆನಾಲ್ಟಿ ಒದೆತಗಳಲ್ಲಿ ಕ್ಯಾಮರೂನ್ ಗೆದ್ದಿತು. ವಿಕ್ಟರ್ ಇಕ್ಪೆಬಾ ಒದ್ದ ಚೆಂಡು ಅಡ್ಡಪಟ್ಟಿಗೆ ಬಡಿದು ಗೆರೆಯ ಒಳಗೆ ಬಿದ್ದರೂ ಗೋಲೆಂದು ಪರಿಗಣಿಸಲಿಲ್ಲ ಎಂಬ ನೈಜೀರಿಯನ್ನರ ಕೊರಗು ಇನ್ನೂ ಆರಿಲ್ಲ. ಎರಡು ವರ್ಷಗಳ ನಂತರ ಮಾಲಿ ದೇಶದ ಬಮಾಕೊ ನಗರದಲ್ಲಿ ಸೆನೆಗಲ್ ವಿರುದ್ಧ ಗೋಲಿಲ್ಲದ ಫೈನಲ್. ಮತ್ತೆ ಪೆನಾಲ್ಟಿ, ಮತ್ತೆ ಕ್ಯಾಮರೂನ್‌ಗೇ ಕಪ್.

ಇದರ ನಡುವೆ ಲಿಯಾನ್‌ನಲ್ಲಿ ಮೊದಲ ಋತುವಿನ ಬಹುಭಾಗವನ್ನು ಮಲೇರಿಯಾ ನುಂಗಿತ್ತು. ಚೇತರಿಸಿಕೊಂಡು ಬಂದವರಿಗೆ 2001ರಲ್ಲಿ ಲೀಗ್ ಕಪ್, 2002ರಲ್ಲಿ ಲೀಗ್ ಪ್ರಶಸ್ತಿ ದೊರೆಯಿತು. ಲಿಯಾನ್ ಆ ಬಳಿಕ ಸತತ ಏಳು ಬಾರಿ ಫ್ರಾನ್ಸ್‌ನ ಚಾಂಪಿಯನ್ ಆಯಿತೆಂಬುದನ್ನು ನೆನೆದರೆ, ಆ ಸರಣಿಯ ಮೊದಲ ಮೆಟ್ಟಿಲು ಇದೇ. ನಿರ್ಣಾಯಕ ಕೊನೆಯ ಪಂದ್ಯದಲ್ಲಿ ಲಿಯಾನ್ 3-1ರಿಂದ ಸೋಲಿಸಿದ್ದು ಫೋಯೆ ಅವರ ಹಳೆಯ ಕ್ಲಬ್ ಲಾನ್ಸ್ ತಂಡವನ್ನು. ಆಗ ಲಿಯಾನ್ ತಂಡದ ತರಬೇತುದಾರರಾಗಿದ್ದವರು ಜಾಕ್ ಸಾಂತಿನಿ. ಅವರು ಅದೇ ವರ್ಷ ಫ್ರಾನ್ಸ್ ರಾಷ್ಟ್ರೀಯ ತಂಡದ ಹೊಣೆ ಹೊತ್ತರು.

2002ರ ವಿಶ್ವಕಪ್‌ನಲ್ಲಿ ಕ್ಯಾಮರೂನ್ ಐರ್ಲೆಂಡ್ ಜತೆ ಸಮ ಮಾಡಿಕೊಂಡು, ಸೌದಿ ಅರೇಬಿಯಾವನ್ನು ಮಣಿಸಿ, ಜರ್ಮನಿಗೆ ಸೋತು ಮೊದಲ ಸುತ್ತಿನಲ್ಲೇ ಹೊರಬಿತ್ತು. ಮೂರೂ ಪಂದ್ಯಗಳಲ್ಲಿ ಫೋಯೆ ಆಡಿದರು.

ಮೇನ್ ರೋಡ್‌ನ ಕೊನೆಯ ಗೋಲು

ವಿಶ್ವಕಪ್ ಮುಗಿದ ಎರಡು ತಿಂಗಳೊಳಗೆ ಫೋಯೆ ಒಂದು ವರ್ಷದ ಎರವಲಿನ ಮೇಲೆ ಮ್ಯಾಂಚೆಸ್ಟರ್ ಸಿಟಿ ಸೇರಿದರು. ಇಂದಿನ ಐಶ್ವರ್ಯವಂತ ಸಿಟಿ ಅದಲ್ಲ. ಕೆಳಗಿನ ವಿಭಾಗದಿಂದ ಆಗಷ್ಟೇ ಮೇಲೇರಿದ್ದ, ಮೇಲೆಯೇ ಉಳಿದುಕೊಂಡರೆ ಸಾಕು ಎನ್ನುತ್ತಿದ್ದ ತಂಡವದು. ವ್ಯವಸ್ಥಾಪಕ ಕೆವಿನ್ ಕೀಗನ್ ಅವರಿಗೆ ಮಧ್ಯಾಂಗಣದಲ್ಲಿ ಎದುರಾಳಿಯನ್ನು ತಡೆದು ನಿಲ್ಲಿಸುವವನೊಬ್ಬ ಬೇಕಿತ್ತು.

ಬಂದವರು ತಡೆಯುವುದರ ಜತೆಗೆ ಗೋಲನ್ನೂ ಹೊಡೆದರು. 35 ಲೀಗ್ ಪಂದ್ಯಗಳಲ್ಲಿ ಒಂಬತ್ತು ಗೋಲು. ವೆಸ್ಟ್ ಹ್ಯಾಮ್ ಪರವಾಗಿ ಹೆಚ್ಚುಕಡಿಮೆ ಅಷ್ಟೇ ಪಂದ್ಯಗಳಲ್ಲಿ ಒಂದೇ ಗೋಲು ಗಳಿಸಿದ್ದವರ ಸಾಧನೆಯಿದು. ಸಿಟಿ ಒಂಬತ್ತನೆಯ ಸ್ಥಾನದಲ್ಲಿ ಋತುವನ್ನು ಮುಗಿಸಿತು. 1923ರಿಂದ ಆ ಕ್ಲಬ್ಬಿನ ಮನೆಯಾಗಿದ್ದ ಮೇನ್ ರೋಡ್ ಕ್ರೀಡಾಂಗಣಕ್ಕೆ ಅದು ಕೊನೆಯ ವರ್ಷವೂ ಆಗಿತ್ತು. 2003ರ ಏಪ್ರಿಲ್ 21ರಂದು ಸಂಡರ್‌ಲೆಂಡ್ ವಿರುದ್ಧದ 3-0 ಗೆಲುವಿನಲ್ಲಿ ಮೂರನೆಯ ಗೋಲು ಫೋಯೆ ಅವರದು. ಮೇ ತಿಂಗಳಲ್ಲಿ ಅಲ್ಲಿ ನಡೆದ ಕಟ್ಟಕಡೆಯ ಪಂದ್ಯದಲ್ಲಿ ಸೌತಾಂಪ್ಟನ್ ವಿರುದ್ಧ ಸಿಟಿ ಗೋಲು ಹೊಡೆಯಲಾಗದೆ ಸೋತಿತು. ಹೀಗಾಗಿ ಎಂಟು ದಶಕಗಳ ಆ ಅಂಗಣದಲ್ಲಿ ಸಿಟಿ ಗಳಿಸಿದ ಕೊನೆಯ ಗೋಲು ಫೋಯೆ ಹೆಸರಿನಲ್ಲೇ ಉಳಿಯಿತು. ಇದು ಕೇವಲ ಕಾಕತಾಳೀಯ ದಾಖಲೆ. ಆದರೆ ಎರವಲು ಬಂದ ಆಟಗಾರನೊಬ್ಬನನ್ನು ಆ ಊರು ಇಂದಿಗೂ ತನ್ನವನೆಂದು ಎಣಿಸುವುದಕ್ಕೆ ಅದೂ ಒಂದು ಕಾರಣವಾಗಿದೆ.

ಇಲ್ಲೊಂದು ಲೆಕ್ಕ ಹಾಕಬೇಕು. 2002ರ ಜನವರಿಯಿಂದ 2003ರ ಜೂನ್‌ವರೆಗಿನ ಹದಿನೆಂಟು ತಿಂಗಳಲ್ಲಿ ಫೋಯೆ ಆಫ್ರಿಕಾ ಕಪ್, ಲಿಯಾನ್ ತಂಡದ ಪ್ರಶಸ್ತಿಯ ಓಟ, ಏಷ್ಯಾದಲ್ಲಿ ನಡೆದ ವಿಶ್ವಕಪ್, ಇಂಗ್ಲೆಂಡಿನ ಪೂರ್ಣ ಋತು, ಅದರ ಬೆನ್ನಿಗೇ ಕಾನ್ಫೆಡರೇಷನ್ಸ್ ಕಪ್, ಇಷ್ಟನ್ನೂ ಎದುರಿಸಿದ್ದರು. ಯುರೋಪಿನಲ್ಲಿ ದುಡಿಯುವ ಆಫ್ರಿಕನ್ ಆಟಗಾರನಿಗೆ ಬಿಡುವೆಂಬುದು ಅಪರೂಪ. ಕ್ಲಬ್ಬಿನ ಋತುವಿನ ನಟ್ಟನಡುವೆ ಖಂಡದ ಪಂದ್ಯಾವಳಿ, ರಜೆಯಲ್ಲಿ ಜಾಗತಿಕ ಪಂದ್ಯಾವಳಿ. ದಣಿವೇ ಅವರ ಸಾವಿಗೆ ಕಾರಣವೆಂದು ವೈದ್ಯರು ಹೇಳಲಿಲ್ಲ. ಆದರೂ ಅವರು ತೀರಿಕೊಂಡ ಮರುದಿನದಿಂದಲೇ ಪಂದ್ಯಗಳ ದಟ್ಟಣೆ ಕುರಿತ ಚರ್ಚೆ ಎದ್ದಿತು. ಅದು ಇಂದಿಗೂ ಮುಗಿದಿಲ್ಲ.

ಜೂನ್ 26, 2003

ಕಾನ್ಫೆಡರೇಷನ್ಸ್ ಕಪ್ ಎಂಬುದು ಖಂಡಗಳ ಚಾಂಪಿಯನ್ನರ ನಡುವೆ ಫಿಫಾ ಏರ್ಪಡಿಸುತ್ತಿದ್ದ ಪಂದ್ಯಾವಳಿ; 2017ರ ನಂತರ ಅದು ನಡೆದಿಲ್ಲ. 2003ರ ಆತಿಥೇಯ ದೇಶ ಫ್ರಾನ್ಸ್. ಕ್ಯಾಮರೂನ್ ಮೊದಲ ಪಂದ್ಯದಲ್ಲೇ ವಿಶ್ವ ಚಾಂಪಿಯನ್ ಬ್ರೆಜಿಲ್ ತಂಡವನ್ನು ಎಟೊ ಗೋಲಿನಿಂದ ಮಣಿಸಿತು. ನಂತರ ಟರ್ಕಿಯನ್ನೂ ಸೋಲಿಸಿ ಸೆಮಿಫೈನಲ್ ಖಚಿತಪಡಿಸಿಕೊಂಡಿತು. ಅಮೆರಿಕ ವಿರುದ್ಧದ ಮೂರನೆಯ ಪಂದ್ಯದಲ್ಲಿ ಫೋಯೆ ಅವರಿಗೆ ವಿಶ್ರಾಂತಿ ನೀಡಲಾಗಿತ್ತು.

ಕೊಲಂಬಿಯಾ ವಿರುದ್ಧದ ಸೆಮಿಫೈನಲ್ ನಡೆದದ್ದು ಜೆರ್ಲಾನ್‌ನಲ್ಲಿ. ಅದು ಫೋಯೆ ಅವರ ಸ್ವಂತ ಕ್ಲಬ್ಬಿನ ಅಂಗಣ. ಯುರೋಪನ್ನು ಬೇಯಿಸಿದ ಆ ವರ್ಷದ ಬಿಸಿಲಿನ ದಿನಗಳವು. ಒಂಬತ್ತನೆಯ ನಿಮಿಷದಲ್ಲಿ ಪಿಯಸ್ ಎನ್‌ಡಿಯೆಫಿ ಗೋಲು ಹೊಡೆದರು. ಫೋಯೆ ಪಂದ್ಯಕ್ಕೆ ಮುನ್ನ ಹೊಟ್ಟೆಯ ತೊಂದರೆಯಿಂದ ಬಳಲಿದ್ದರೆಂದು ಅವರ ಪತ್ನಿ ಆ ಬಳಿಕ ತಿಳಿಸಿದರು.

72ನೆಯ ನಿಮಿಷ. ಚೆಂಡು ಬೇರೆಡೆ ಇತ್ತು. ಅಂಗಣದ ನಡುವೃತ್ತದಲ್ಲಿ, ಹತ್ತಿರದಲ್ಲಿ ಯಾವ ಆಟಗಾರನೂ ಇಲ್ಲದಿರುವಾಗ, ಯಾರ ಕೈ ಕಾಲು ತಗುಲದೆಯೇ ಫೋಯೆ ನೆಲಕ್ಕುರುಳಿದರು. ಓಡಿಬಂದವರು ಅವರನ್ನು ಎಚ್ಚರಿಸಲು ಯತ್ನಿಸಿದರು. ಸ್ಟ್ರೆಚರ್ ಮೇಲೆ ಹೊರಗೊಯ್ದು ಬಾಯಿಯಿಂದ ಉಸಿರು ಊದಲಾಯಿತು, ಆಮ್ಲಜನಕ ನೀಡಲಾಯಿತು. ನಿಂತ ಹೃದಯವನ್ನು ಮತ್ತೆ ನಡೆಸಲು ವೈದ್ಯರು ಸುಮಾರು 45 ನಿಮಿಷ ಶ್ರಮಿಸಿದರು. ಪಂದ್ಯ ಮಾತ್ರ ಮುಂದುವರಿಯಿತು. 1-0ರಿಂದ ಕ್ಯಾಮರೂನ್ ಗೆದ್ದಿತು. ಫೈನಲ್ ತಲುಪಿದ ಸಂತಸದಲ್ಲಿದ್ದ ಆಟಗಾರರಿಗೆ ಜತೆಗಾರ ಇನ್ನಿಲ್ಲವೆಂಬುದು ಅರಿವಾದದ್ದು ಅನಂತರವೇ.

ಅದೇ ರಾತ್ರಿ ಪ್ಯಾರಿಸ್ ಬಳಿಯ ಸ್ತಾದ್ ದ ಫ್ರಾನ್ಸ್‌ನಲ್ಲಿ ಆತಿಥೇಯರು ಟರ್ಕಿ ವಿರುದ್ಧ ಇನ್ನೊಂದು ಸೆಮಿಫೈನಲ್ ಆಡಬೇಕಿತ್ತು. ಫ್ರಾನ್ಸ್‌ನ ತರಬೇತುದಾರ, ಹಿಂದಿನ ವರ್ಷವಷ್ಟೇ ಲಿಯಾನ್‌ನಲ್ಲಿ ಫೋಯೆ ಅವರನ್ನು ಆಡಿಸಿದ್ದ ಅದೇ ಸಾಂತಿನಿ. ಗೋಲು ಬಂದಾಗ ಥಿಯರಿ ಹೆನ್ರಿ ಮತ್ತು ಜತೆಗಾರರು ಕುಣಿಯಲಿಲ್ಲ. ಆಕಾಶದತ್ತ ಬೆರಳು ತೋರಿದರು.

ಪಂದ್ಯಾವಳಿಯನ್ನು ಅಲ್ಲಿಗೇ ನಿಲ್ಲಿಸಬೇಕಿತ್ತೆಂಬ ಅಭಿಪ್ರಾಯ ಅಂದು ಬಲವಾಗಿ ಕೇಳಿಬಂದಿತ್ತು. ಆದರೆ ಜೂನ್ 29ರಂದು ಫೈನಲ್ ನಡೆಯಿತು. ಕ್ಯಾಮರೂನ್ ಆಟಗಾರರು ಫೋಯೆ ಅವರ ದೊಡ್ಡ ಭಾವಚಿತ್ರವೊಂದನ್ನು ಹಿಡಿದು ಅಂಗಣಕ್ಕೆ ಬಂದರು. ಹೆಚ್ಚುವರಿ ಸಮಯದಲ್ಲಿ ಹೆನ್ರಿ ಹೊಡೆದ ಗೋಲಿನಿಂದ ಫ್ರಾನ್ಸ್ ಗೆದ್ದಿತು. ಕಪ್ ಎತ್ತುವಾಗ ಫ್ರಾನ್ಸ್ ನಾಯಕ ಮಾರ್ಸೆಲ್ ಡೆಸೈಯಿ ಸೋತ ತಂಡದ ನಾಯಕ ಸಾಂಗ್ ಅವರನ್ನೂ ಜತೆಗೆ ಕರೆದುಕೊಂಡರು. ಇಬ್ಬರೂ ಕೂಡಿಯೇ ಕಪ್ ಹಿಡಿದರು. ಪಂದ್ಯಾವಳಿಯ ಮೂರನೆಯ ಅತ್ಯುತ್ತಮ ಆಟಗಾರನಿಗೆ ಸಲ್ಲುವ ಕಂಚಿನ ಚೆಂಡು ಪ್ರಶಸ್ತಿಯನ್ನು ಫೋಯೆ ಅವರಿಗೆ ಮರಣೋತ್ತರವಾಗಿ ನೀಡಲಾಯಿತು. ಅದು ಅನುಕಂಪದಿಂದ ಕೊಟ್ಟ ಪ್ರಶಸ್ತಿ ಎಂದು ತಳ್ಳಿಹಾಕುವಂತಿಲ್ಲ. ಬ್ರೆಜಿಲ್ ವಿರುದ್ಧದ ಗೆಲುವಿಗೆ ಆಧಾರವಾದ ಮಧ್ಯಾಂಗಣದಲ್ಲಿ ಅವರ ದುಡಿಮೆ ದೊಡ್ಡದಿತ್ತು.

ಕಾಣದೇ ಉಳಿದ ಕಾಯಿಲೆ

ಮೊದಲ ಶವಪರೀಕ್ಷೆಯಲ್ಲಿ ಸಾವಿನ ನಿಖರ ಕಾರಣ ತಿಳಿಯಲಿಲ್ಲ. ಎರಡನೆಯ ಪರೀಕ್ಷೆಯ ಬಳಿಕ ಹೃದಯದ ದೋಷವೇ ಕಾರಣವೆಂದು ವೈದ್ಯರು ತೀರ್ಮಾನಿಸಿದರು. ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ ಎಂಬುದು ಅದರ ಹೆಸರು. ಸರಳವಾಗಿ ಹೇಳುವುದಾದರೆ ಹೃದಯದ ಸ್ನಾಯು ಅಸಹಜವಾಗಿ ದಪ್ಪಗಾಗುವ, ಬಹುಮಟ್ಟಿಗೆ ವಂಶಪಾರಂಪರ್ಯವಾಗಿ ಬರುವ ಕಾಯಿಲೆ. ಸುಮಾರು 500 ಮಂದಿಯಲ್ಲಿ ಒಬ್ಬರಿಗೆ ಇದು ಇರುತ್ತದೆಂಬುದು ವೈದ್ಯರ ಅಂದಾಜು. ಅನೇಕರು ಯಾವ ತೊಂದರೆಯೂ ಇಲ್ಲದೆ ಜೀವಮಾನ ಕಳೆಯುತ್ತಾರೆ. ಕೆಲವರಲ್ಲಿ ಮಾತ್ರ, ವಿಶೇಷವಾಗಿ ಕಠಿಣ ಶ್ರಮದ ವೇಳೆ, ಹೃದಯ ಬಡಿತದ ಲಯ ಹಠಾತ್ತನೆ ಕೆಟ್ಟು, ಹೃದಯ ರಕ್ತವನ್ನು ದೂಡುವ ಬದಲು ಬರಿದೆ ಕಂಪಿಸತೊಡಗುತ್ತದೆ. ಆಗ ವಿದ್ಯುತ್ ಆಘಾತ ನೀಡುವ ಡಿಫಿಬ್ರಿಲೇಟರ್ ಯಂತ್ರವೊಂದೇ ಲಯವನ್ನು ಮರಳಿಸಬಲ್ಲುದು. ಅದು ತಡವಾದ ಒಂದೊಂದು ನಿಮಿಷಕ್ಕೂ ಬದುಕುಳಿಯುವ ಸಾಧ್ಯತೆ ಶೇ 7ರಿಂದ 10ರಷ್ಟು ಇಳಿಯುತ್ತದೆ.

ನಾಲ್ಕು ಕ್ಲಬ್ಬುಗಳಲ್ಲಿ, ಎರಡು ದೇಶಗಳಲ್ಲಿ ಒಂಬತ್ತು ವರ್ಷ ವೃತ್ತಿಪರನಾಗಿ ಆಡಿದ ವ್ಯಕ್ತಿಯ ಹೃದಯದಲ್ಲಿ ಇಂಥದ್ದೊಂದು ಅಡಗಿದ್ದುದು ಹೇಗೆ ಯಾರಿಗೂ ಕಾಣಲಿಲ್ಲ ಎಂಬ ಪ್ರಶ್ನೆ ಸಹಜ. ಉತ್ತರ ಸುಲಭವಲ್ಲ. ನಿತ್ಯ ವ್ಯಾಯಾಮದಿಂದ ಕ್ರೀಡಾಪಟುವಿನ ಹೃದಯ ತಾನಾಗಿಯೇ ಹಿಗ್ಗುತ್ತದೆ, ಅದರ ಸ್ನಾಯು ಕೊಂಚ ದಪ್ಪಗಾಗುತ್ತದೆ. ಅದು ಆರೋಗ್ಯದ ಲಕ್ಷಣವೋ ಕಾಯಿಲೆಯ ಆರಂಭವೋ ಎಂದು ವಿಂಗಡಿಸುವುದು ತಜ್ಞರಿಗೂ ಕಷ್ಟ. ಕಪ್ಪು ಜನಾಂಗದ ಕ್ರೀಡಾಪಟುಗಳ ವಿಷಯದಲ್ಲಿ ತೊಡಕು ಇನ್ನೂ ಒಂದು ಪಟ್ಟು ಹೆಚ್ಚು. ಆರೋಗ್ಯವಂತರಾದ ಕಪ್ಪು ಆಟಗಾರರ ಇಸಿಜಿಯಲ್ಲಿಯೂ ಬಿಳಿಯರಲ್ಲಿ ಅಪರೂಪವಾದ ಕೆಲವು ವ್ಯತ್ಯಾಸಗಳು ಸಹಜವಾಗಿ ಕಾಣುತ್ತವೆ. ಹಳೆಯ ಮಾನದಂಡಗಳಾದರೋ ಬಹುತೇಕ ಬಿಳಿಯ ಕ್ರೀಡಾಪಟುಗಳ ಮೇಲಿನ ಅಧ್ಯಯನದಿಂದ ರೂಪುಗೊಂಡಂಥವು. ಈ ಭೇದವನ್ನು ಗಣನೆಗೆ ತೆಗೆದುಕೊಂಡ ಅಂತರರಾಷ್ಟ್ರೀಯ ಮಾನದಂಡಗಳು 2017ರಲ್ಲಿ ಪ್ರಕಟವಾದವು. ಫೋಯೆ ತೀರಿಕೊಂಡು ಆಗ ಹದಿನಾಲ್ಕು ವರ್ಷ.

ಅವರ ಸಾವಿನ ತಕ್ಷಣದ ಪರಿಣಾಮ ಫಿಫಾ ಮೇಲಾಯಿತು. 2006ರ ಜರ್ಮನಿ ವಿಶ್ವಕಪ್‌ನಿಂದ ಪಂದ್ಯಾವಳಿಗೆ ಮುನ್ನ ಆಟಗಾರರ ಹೃದಯ ತಪಾಸಣೆ, ಅಂದರೆ ಇಸಿಜಿ ಮತ್ತು ಎಕೊಕಾರ್ಡಿಯೋಗ್ರಾಂ ಸಹಿತ ಪರೀಕ್ಷೆ, ಜಾರಿಗೆ ಬಂದಿತು. 2013ರಲ್ಲಿ ಡಿಫಿಬ್ರಿಲೇಟರ್ ಒಳಗೊಂಡ ತುರ್ತು ಚಿಕಿತ್ಸಾ ಚೀಲವನ್ನು ಸದಸ್ಯ ರಾಷ್ಟ್ರಗಳ ಸಂಸ್ಥೆಗಳಿಗೆಲ್ಲ ಕಳಿಸಿಕೊಡುವ ಯೋಜನೆ ಬಂದಿತು. ಇಟಲಿಯಲ್ಲಿ ಇಂಥ ತಪಾಸಣೆ 1982ರಿಂದಲೇ ಕಡ್ಡಾಯವಾಗಿತ್ತು ಎಂಬುದು ಇಲ್ಲಿ ಉಲ್ಲೇಖನೀಯ. ಉಳಿದ ಜಗತ್ತು ಅದನ್ನು ಅನುಸರಿಸಲು ಸಾವುಗಳೇ ಬೇಕಾದವು.

ಆ ಸಾವುಗಳು ಬೇಗನೆ ಬಂದವು ಕೂಡ. 2004ರ ಜನವರಿಯಲ್ಲಿ ಪೋರ್ಚುಗಲ್‌ನಲ್ಲಿ ಬೆನ್‌ಫಿಕಾ ಕ್ಲಬ್ಬಿನ ಹಂಗೇರಿಯನ್ ಆಟಗಾರ ಮಿಕ್ಲೋಸ್ ಫೆಹೆರ್. 2007ರ ಆಗಸ್ಟ್‌ನಲ್ಲಿ ಸ್ಪೇನ್‌ನ ಸೆವಿಯಾ ತಂಡದ ಆಂಟೊನಿಯೊ ಪುಯೆರ್ತಾ. 2016ರ ಮೇ ತಿಂಗಳಲ್ಲಿ ಇನ್ನೊಬ್ಬ ಕ್ಯಾಮರೂನ್ ಮಿಡ್‌ಫೀಲ್ಡರ್, 26 ವರ್ಷದ ಪ್ಯಾಟ್ರಿಕ್ ಎಕೆಂಗ್, ರೊಮೇನಿಯಾದ ಬುಖಾರೆಸ್ಟ್‌ನಲ್ಲಿ ಬದಲಿ ಆಟಗಾರನಾಗಿ ಅಂಗಣಕ್ಕಿಳಿದ ಕೆಲವೇ ನಿಮಿಷಗಳಲ್ಲಿ ಕುಸಿದು ತೀರಿಕೊಂಡರು. ಅವರನ್ನು ಒಯ್ದ ಆಂಬ್ಯುಲೆನ್ಸ್‌ನಲ್ಲಿದ್ದ ಸಲಕರಣೆಗಳ ಬಗ್ಗೆ ಆ ದೇಶದಲ್ಲಿ ದೊಡ್ಡ ವಿವಾದವಾಯಿತು.

ಬದುಕುಳಿದವರೂ ಇದ್ದಾರೆ. ಕಾಂಗೊ ಮೂಲದ ಮಿಡ್‌ಫೀಲ್ಡರ್ ಫ್ಯಾಬ್ರಿಸ್ ಮುವಾಂಬಾ 2012ರ ಮಾರ್ಚ್ 17ರಂದು ಲಂಡನ್‌ನಲ್ಲಿ ಪಂದ್ಯದ ನಡುವೆ ಬಿದ್ದಾಗ ಅವರ ಹೃದಯ 78 ನಿಮಿಷ ತಾನಾಗಿ ಬಡಿದಿರಲಿಲ್ಲ. ಅಂಗಣದಲ್ಲೇ ಆರಂಭವಾದ ಚಿಕಿತ್ಸೆ ಮತ್ತು ಪ್ರೇಕ್ಷಕರ ನಡುವಿನಿಂದ ಇಳಿದುಬಂದ ಹೃದ್ರೋಗ ತಜ್ಞರೊಬ್ಬರ ನೆರವು ಅವರ ಜೀವ ಉಳಿಸಿದವು. 2021ರ ಜೂನ್‌ನಲ್ಲಿ ಡೆನ್ಮಾರ್ಕ್‌ನ ಕ್ರಿಶ್ಚಿಯನ್ ಎರಿಕ್ಸನ್ ಯೂರೊ ಕಪ್ ಪಂದ್ಯದಲ್ಲಿ ಕುಸಿದರು. ನಿಮಿಷಗಳೊಳಗೆ ಡಿಫಿಬ್ರಿಲೇಟರ್ ಬಳಸಲಾಯಿತು. ಎಂಟು ತಿಂಗಳಲ್ಲಿ ಅವರು ಮತ್ತೆ ವೃತ್ತಿಪರ ಫುಟ್‌ಬಾಲ್‌ಗೆ ಮರಳಿದರು. ಎರಿಕ್ಸನ್ ಬಿದ್ದ ದೃಶ್ಯವನ್ನು ಫೋಯೆ ಬಿದ್ದ ದೃಶ್ಯದೊಡನೆ ಹೋಲಿಸಿದರೆ ಹದಿನೆಂಟು ವರ್ಷಗಳಲ್ಲಿ ಬದಲಾದದ್ದೇನು ಎಂಬುದು ತಿಳಿಯುತ್ತದೆ. ಈ ಬಾರಿ ಪಂದ್ಯ ನಿಂತಿತು. ಜತೆಗಾರರಿಗೂ ರೆಫರಿಗೂ ಆಗಬೇಕಾದ್ದೇನೆಂದು ತಕ್ಷಣ ಗೊತ್ತಾಯಿತು.

ಎಲ್ಲೆಡೆ ಹೀಗೆ ಬದಲಾಯಿತೆಂದು ಹೇಳುವಂತಿಲ್ಲ. ಫೋಯೆ ನಿಧನರಾದ ಒಂದೂವರೆ ವರ್ಷದ ಬಳಿಕ, 2004ರ ಡಿಸೆಂಬರ್ 5ರಂದು ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಫೆಡರೇಷನ್ ಕಪ್ ಫೈನಲ್ ನಡೆಯುತ್ತಿದ್ದಾಗ ಗೋವಾದ ಡೆಂಪೊ ತಂಡದ ಬ್ರೆಜಿಲ್ ಆಟಗಾರ ಕ್ರಿಸ್ಟಿಯಾನೊ ಜೂನಿಯರ್, ಮೋಹನ್ ಬಾಗಾನ್ ಗೋಲ್‌ಕೀಪರ್ ಜತೆ ಡಿಕ್ಕಿಯಾಗಿ ಕುಸಿದು ಮೃತಪಟ್ಟರು. ತಂಡದ ಎರಡೂ ಗೋಲುಗಳನ್ನು ಅವರೇ ಹೊಡೆದಿದ್ದರು. ಅಂಗಣದ ತುರ್ತು ವೈದ್ಯಕೀಯ ವ್ಯವಸ್ಥೆಯ ಬಗ್ಗೆ ಆಗ ಕಟುವಾದ ಟೀಕೆಗಳು ಕೇಳಿಬಂದವು. ಆದರೂ 2012ರ ಮಾರ್ಚ್‌ನಲ್ಲಿ, ಮುವಾಂಬಾ ಲಂಡನ್‌ನಲ್ಲಿ ಬದುಕುಳಿದ ಅದೇ ವಾರ, ಬೆಂಗಳೂರಿನ ಸ್ಥಳೀಯ ಲೀಗ್ ಪಂದ್ಯದಲ್ಲಿ ಬೆಂಗಳೂರು ಮಾರ್ಸ್ ತಂಡದ ತರುಣ ಆಟಗಾರರೊಬ್ಬರು ಕುಸಿದು ಬಿದ್ದಾಗ ಅಲ್ಲಿ ಆಂಬ್ಯುಲೆನ್ಸ್ ಇರಲಿಲ್ಲ. ಆಟೊರಿಕ್ಷಾದಲ್ಲಿ ಆಸ್ಪತ್ರೆಗೆ ಒಯ್ಯಲಾಯಿತು, ಜೀವ ಉಳಿಯಲಿಲ್ಲ.

ನೆನಪಿನ ಗುರುತುಗಳು

2003ರ ಜುಲೈನಲ್ಲಿ ಫೋಯೆ ಅವರ ಅಂತ್ಯಸಂಸ್ಕಾರ ಕ್ಯಾಮರೂನಿನಲ್ಲಿ ಸರ್ಕಾರಿ ಗೌರವದೊಂದಿಗೆ ನಡೆಯಿತು. ಹುಡುಗರಿಗಾಗಿ ಫುಟ್‌ಬಾಲ್ ಅಕಾಡೆಮಿಯೊಂದನ್ನು ಅವರು ಯಾವುಂಡೆಯಲ್ಲಿ ತಮ್ಮ ಗಳಿಕೆಯಿಂದ ಕಟ್ಟಿಸುತ್ತಿದ್ದರು. ಅದೇ ಆವರಣದಲ್ಲಿ ಅವರನ್ನು ಸಮಾಧಿ ಮಾಡಲಾಯಿತು. ಅಕಾಡೆಮಿ ಅವರು ಎಣಿಸಿದಂತೆ ಬೆಳೆಯಲಿಲ್ಲ. ವರ್ಷಗಳ ನಂತರ ಅಲ್ಲಿಗೆ ಹೋದ ಪತ್ರಕರ್ತರಿಗೆ ಕಂಡದ್ದು ಹಾಳುಬಿದ್ದ ಕಟ್ಟಡಗಳು.

ಯುರೋಪಿನಲ್ಲಿ ಅವರ ಗುರುತುಗಳು ಇದಕ್ಕಿಂತ ಚೆನ್ನಾಗಿ ಉಳಿದಿವೆ. ಮ್ಯಾಂಚೆಸ್ಟರ್ ಸಿಟಿ ಅವರು ತೊಡುತ್ತಿದ್ದ 23ನೆಯ ಸಂಖ್ಯೆಯ ಅಂಗಿಯನ್ನು ನಿವೃತ್ತಿಗೊಳಿಸಿತು. ಲಾನ್ಸ್ ಕ್ರೀಡಾಂಗಣದ ಸಮೀಪದ ರಸ್ತೆಯೊಂದಕ್ಕೆ ಅವರ ಹೆಸರಿದೆ. ಲಿಯಾನ್‌ನಲ್ಲಿ ಅವರ 17ನೆಯ ಸಂಖ್ಯೆಯನ್ನು ಯಾರಿಗೂ ಕೊಡದೆ ಇರಿಸಲಾಗಿತ್ತು. 2008ರಲ್ಲಿ ಕ್ಯಾಮರೂನಿನವರೇ ಆದ ಮಿಡ್‌ಫೀಲ್ಡರ್ ಜಾನ್ ಮಕೂನ್ ಸೇರಿದಾಗ ಅದನ್ನು ಅವರಿಗೆ ಒಪ್ಪಿಸಲಾಯಿತು.

ಫ್ರಾನ್ಸ್‌ನ ಮೊದಲ ದರ್ಜೆಯ ಲೀಗ್‌ನಲ್ಲಿ ಆಡುವ ಆಫ್ರಿಕನ್ನರ ಪೈಕಿ ವರ್ಷದ ಶ್ರೇಷ್ಠ ಆಟಗಾರನಿಗೆ ಆರ್‌ಎಫ್‌ಐ ಬಾನುಲಿ ಮತ್ತು ಫ್ರಾನ್ಸ್ 24 ವಾಹಿನಿ ಕೊಡುವ ಪ್ರಶಸ್ತಿಗೂ ಮಾರ್ಕ್ ವಿವಿಯನ್ ಫೋಯೆ ಅವರದೇ ಹೆಸರು. ಗೋಲು ಹೊಡೆಯುವವರಿಗೇ ಅದು ಹೆಚ್ಚಾಗಿ ಒಲಿದಿದೆ: 2019ರಲ್ಲಿ ಐವರಿ ಕೋಸ್ಟ್‌ನ ನಿಕೊಲಸ್ ಪೆಪೆ, 2020ರಲ್ಲಿ ನೈಜೀರಿಯದ ವಿಕ್ಟರ್ ಒಸಿಮೆನ್. ಮಧ್ಯಾಂಗಣದವರಿಗೆ ಸಿಕ್ಕಿದ್ದು ಕಡಿಮೆ. 2017ರಲ್ಲಿ ನೀಸ್ ತಂಡದ ಜಾನ್ ಮೈಕೆಲ್ ಸೆರಿ ಅದನ್ನು ಪಡೆದರು. 2022ರಲ್ಲಿ ಅದು ಸೆಕೊ ಫೊಫಾನಾ ಪಾಲಾಯಿತು. ಫೊಫಾನಾ ಆಗ ಆಡುತ್ತಿದ್ದುದು ಲಾನ್ಸ್ ತಂಡದ ಪರವಾಗಿ.